ವಿಕ್ರಮ್ ರಾಥೋಡ್ ಕೋಲ್ಕತ್ತಾಗೆ ಹೋದಾಗ

ನಮಸ್ಕಾರ. ಒಬ್ಬ ಕಳ್ಳ, ಒಬ್ಬ ಪೊಲೀಸ್. ಇಬ್ಬರದೂ ಒಂದೇ ಮುಖ. ಪೊಲೀಸ್ ಸಾಯುತ್ತಾನೆ, ಕಳ್ಳ ಅವನ ಜಾಗಕ್ಕೆ ಹೋಗಿ ವಿಲನ್ ಕಡೆಯವರನ್ನೆಲ್ಲ ಚಚ್ಚುತ್ತಾನೆ. ನಡುವೆ ಒಂದು ಪುಟ್ಟ ಹುಡುಗಿ, ಕಳ್ಳನನ್ನೇ ಅಪ್ಪ ಅಂದುಕೊಂಡಿರುತ್ತಾಳೆ. ಯಾವ ಸಿನಿಮಾ ಹೇಳಿ?

ನಮ್ಮಲ್ಲಿ ‘ವೀರ ಮದಕರಿ’ ಅನ್ನುತ್ತಾರೆ. ತಮಿಳಿನವರನ್ನು ಕೇಳಿದರೆ ‘ಸಿರುತ್ತೈ’, ಹಿಂದಿಯವರನ್ನು ಕೇಳಿದರೆ ‘ರೌಡಿ ರಾಥೋರ್’. ಎಲ್ಲದರ ಮೂಲ 2006ರ ತೆಲುಗು ‘ವಿಕ್ರಮಾರ್ಕುಡು’. ರಾಜಮೌಳಿ ನಿರ್ದೇಶನ, ರವಿತೇಜ ಡಬಲ್ ರೋಲ್. ಈ ಕಥೆ 2012ರಲ್ಲಿ ಬಂಗಾಳಿಗೂ ಹೋಯಿತು. ಹೆಸರು ‘ಬಿಕ್ರಮ್ ಸಿಂಘ’. ಹೀರೊ ಪ್ರಸೇನ್‌ಜಿತ್ ಚಟರ್ಜಿ, ನಿರ್ದೇಶಕ ಹರನಾಥ್ ಚಕ್ರವರ್ತಿ. ಸತ್ಯಜಿತ್ ರಾಯ್ ಊರಲ್ಲಿ ಇದಾ ಅಂತ ಹುಬ್ಬೇರಿಸಬೇಡಿ. ಆ ಕಾಲಕ್ಕೆ ಅಲ್ಲಿ ಇದೇ ಮಾಮೂಲು.

ದೇವ್ ಅಂತ ಒಬ್ಬ ಹೀರೊ ಇದ್ದಾರೆ. ‘ಚಾಲೆಂಜ್’ ತೆಲುಗಿನ ‘ದಿಲ್’ ರೀಮೇಕ್. ‘ಪಾಗ್ಲು’ ತೆಲುಗಿನ ‘ದೇವದಾಸು’. ‘ಖೋಕಾಬಾಬು’ ತೆಲುಗಿನ ‘ಢೀ’. ಜೀತ್ ಅಂತ ಇನ್ನೊಬ್ಬರು, ಅವರದ್ದೂ ಇದೇ ಕಥೆ. ‘ಒಕ್ಕಡು’ ನಮ್ಮಲ್ಲಿ ಅಪ್ಪು ಅವರ ‘ಅಜಯ್’ ಆಯಿತು, ಅಲ್ಲಿ ಜೀತ್ ಅವರ ‘ಜೋರ್’ ಆಯಿತು. ನಮ್ಮ ಸರಕೂ ಹೋಗಿದೆ. ‘ಮುಂಗಾರು ಮಳೆ’ 2008ರಲ್ಲಿ ‘ಪ್ರೇಮೇರ್ ಕಾಹಿನಿ’ ಆಗಿ ಬಂತು, ಗಣೇಶ್ ಜಾಗದಲ್ಲಿ ಇದೇ ದೇವ್.

ಇಷ್ಟೊಂದು ರೀಮೇಕ್ ಯಾಕೆ? ಸೋಮಾರಿತನ ಅಂತ ಬೈದುಬಿಡುವುದು ಸುಲಭ. ನನಗೆ ಕಾಣುವ ಒಂದು ಕಾರಣ ಬೇರೆ, ಅದು ನಮಗೂ ಚೆನ್ನಾಗಿ ಗೊತ್ತಿರುವಂಥದ್ದೇ. ಕರ್ನಾಟಕದಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದರು. 2015ರಲ್ಲಿ ಕಾಂಪಿಟಿಷನ್ ಕಮಿಷನ್, ಅಂದರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಆಯೋಗ, ಇದಕ್ಕಾಗಿ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು, ನೆನಪಿದೆಯಾ? ಬಂಗಾಳದಲ್ಲೂ ಅದೇ ಜಗಳ. ಹಿಂದಿ ‘ಮಹಾಭಾರತ’ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿ ಟಿವಿಯಲ್ಲಿ ಹಾಕಲು ಹೊರಟಾಗ ಅಲ್ಲಿನ ಕಲಾವಿದರು, ತಂತ್ರಜ್ಞರು ತಿರುಗಿಬಿದ್ದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ, ಡಬ್ಬಿಂಗ್ ತಡೆದದ್ದು ತಪ್ಪು ಅಂದಿದ್ದ ಕಮಿಷನ್ ಪರವಾಗಿ ತೀರ್ಪು ಬಂತು. ಡಬ್ಬಿಂಗ್ ಬೇಡ ಅಂದವರು ಹೇಳಿದ್ದು ಭಾಷೆ ಉಳಿಯಲಿ, ಕೆಲಸ ಉಳಿಯಲಿ ಅಂತ. ಕೆಲಸವೇನೋ ಉಳಿಯಿತು. ಆದರೆ ಮಾತು ಬರಬಾರದು, ಕಥೆ, ಫೈಟು, ಹಾಡಿನ ಸ್ಟೆಪ್ಪು ಎಲ್ಲ ಬರಬಹುದು ಅಂದರೆ ಅದೆಂಥ ಕಾವಲು?

ನಾನು ರೀಮೇಕ್ ವಿರೋಧಿ ಅಲ್ಲ. ಜಿಲ್ಲೆಗಳ ಸಿಂಗಲ್ ಸ್ಕ್ರೀನ್‌ಗಳಲ್ಲಿ ಶಿಳ್ಳೆ ಹೊಡೆಯುವ ಜನಕ್ಕೂ ಸಿನಿಮಾ ಬೇಕಲ್ಲ. ಕೋಲ್ಕತ್ತಾದ ಓದಿದ ಮಂದಿ ಆ ಜನರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನ ತಕರಾರು ಇರುವುದು ಕಥೆ ಎಲ್ಲಿ ಕಾಲೂರುತ್ತದೆ ಅನ್ನುವುದರ ಬಗ್ಗೆ. ‘ವಿಕ್ರಮಾರ್ಕುಡು’ವಿನ ವಿಲನ್ ಇರುವುದು ಚಂಬಲ್ ಕಡೆಯ ದೇವ್‌ಗಢದಲ್ಲಿ. ಪೊಲೀಸ್ ಹೆಸರು ರಾಥೋಡ್. ಅಂದರೆ ಮೂಲದಲ್ಲೇ ಅರ್ಧ ಕಥೆ ತೆಲುಗು ನೆಲದ್ದಲ್ಲ! ಅದನ್ನು ತೆಲುಗಿನದ್ದು ಮಾಡಿದ್ದು ಕಳ್ಳ ಅತ್ತಿಲಿ ಸತ್ತಿಬಾಬು, ಅವನ ಆಂಧ್ರದ ತರಲೆ. ‘ವೀರ ಮದಕರಿ’ಯಲ್ಲಿ ಸುದೀಪ್ ಇದನ್ನು ಸರಿಯಾಗಿ ಹಿಡಿದರು ಅನ್ನಿಸುತ್ತದೆ. ಕಳ್ಳ ಮುತ್ತತ್ತಿ ಸತ್ಯರಾಜು ಆದ, ಪೊಲೀಸ್‌ಗೆ ಚಿತ್ರದುರ್ಗದ ಪಾಳೇಗಾರನ ಹೆಸರು ಬಂತು. ಉಳಿದಂತೆ ಫ್ರೇಮ್ ಟು ಫ್ರೇಮ್ ಭಟ್ಟಿ ಇಳಿಸಿದ್ದು ಅಂತ ನೀವು ಬೈದರೆ ನಾನು ಅಡ್ಡ ಬರಲ್ಲ.

‘ಬಿಕ್ರಮ್ ಸಿಂಘ’ದಲ್ಲಿ ನನಗೆ ಅಷ್ಟೂ ಸಿಗಲಿಲ್ಲ. ಅದೇ ಮೀಸೆ ತಿರುವುವ ಪೊಲೀಸ್, ಅದೇ ತರಲೆ ಕಳ್ಳ. ಜೊತೆಗೆ ಅಕ್ಷಯ್ ಕುಮಾರ್ ಅವರ ‘ರೌಡಿ ರಾಥೋರ್’ ಬಂದದ್ದೂ ಅದೇ 2012ರಲ್ಲಿ. ಹಿಂದಿ ಅರ್ಥವಾಗುವ ಕೋಲ್ಕತ್ತಾದವರು ದೊಡ್ಡ ಬಜೆಟ್ಟಿನದ್ದನ್ನು ನೋಡಿ ಆಗಿದ್ದರೆ ಮತ್ತೆ ಇದಕ್ಕೆ ಯಾಕೆ ದುಡ್ಡು ಕೊಡಬೇಕು?

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ಅದರ ಹಿಂದಿನ ವರ್ಷವೇ ಪ್ರಸೇನ್‌ಜಿತ್ ಇನ್ನೊಬ್ಬ ಪೊಲೀಸ್ ಆಗಿದ್ದರು. ಸೃಜಿತ್ ಮುಖರ್ಜಿ ಅವರ ‘ಬಾಯಿಶೆ ಶ್ರಾಬಣ್’, 2011. ಕೋಲ್ಕತ್ತಾದಲ್ಲಿ ಒಬ್ಬ ಸೀರಿಯಲ್ ಕಿಲ್ಲರ್. ಹೆಣದ ಪಕ್ಕ ಬಂಗಾಳಿ ಕವಿತೆಯ ಸಾಲು ಬರೆದಿಟ್ಟು ಹೋಗುತ್ತಾನೆ. ಅವನನ್ನು ಹಿಡಿಯಲು ಇಲಾಖೆ ಯಾವತ್ತೋ ಸಸ್ಪೆಂಡ್ ಮಾಡಿದ್ದ ಪ್ರಬೀರ್ ರಾಯ್ ಚೌಧರಿಯನ್ನು ವಾಪಸ್ ಕರೆಯುತ್ತಾರೆ. ಹಳೇ ಮನೆಯಲ್ಲಿ ಒಬ್ಬನೇ ಇರುವ, ಬಾಯಿ ತೆಗೆದರೆ ಬೈಗುಳ ಸುರಿಸುವ ಮನುಷ್ಯ. ಈ ಕಥೆಯನ್ನು ಅಲ್ಲಾಡಿಸಿ ಬೇರೆ ಊರಿಗೆ ತರೋಕೆ ಆಗಲ್ಲ. ಸಿನಿಮಾ ಹೆಸರೇ ಟಾಗೋರರು ತೀರಿಕೊಂಡ ದಿನ. ಜನ ಇಟ್ಟುಕೊಂಡದ್ದು ಈ ಪೊಲೀಸನ್ನು. 2023ರಲ್ಲಿ ‘ದಶಮ್ ಅವತಾರ್’ ಅಂತ ಅವನ ಹಿಂದಿನ ಕಥೆಯೂ ಬಂತು. ‘ಬಿಕ್ರಮ್ ಸಿಂಘ’ದ ಪೋಸ್ಟರಿನಲ್ಲಿ ಹೆಸರಿನ ಕೆಳಗೆ ‘ದಿ ಲಯನ್ ಈಸ್ ಬ್ಯಾಕ್’ ಅಂತಿತ್ತು. ಆಮೇಲೆ ಅವನನ್ನು ಯಾರೂ ವಾಪಸ್ ಕರೆಯಲಿಲ್ಲ ಬಿಡಿ.

ಅಂದರೆ ಬಂಗಾಳಕ್ಕೆ ಪತ್ತೇದಾರಿ, ಕವಿತೆ ಇದೇ ಸರಿ, ಮಾಸ್ ಒಗ್ಗಲ್ಲ ಅಂತಲಾ? ಅದೂ ಸುಳ್ಳು. 2024ರ ಡಿಸೆಂಬರ್ 5ಕ್ಕೆ ‘ಪುಷ್ಪ 2’ ಬಂತು. ಅದು ಓಡುತ್ತಿರುವಾಗಲೇ ಡಿಸೆಂಬರ್ 20ಕ್ಕೆ ಅದೇ ದೇವ್ ‘ಖಾದಾನ್’ ತಂದರು. ಕಲ್ಲಿದ್ದಲು ಗಣಿ, ಅದರ ಮಾಫಿಯಾ, ಜೊತೆಗೆ ಜಿಶು ಸೆನ್‌ಗುಪ್ತ. ದೊಡ್ಡ ಹಿಟ್ ಆಯಿತು. ಫೈಟು, ಸ್ಲೋ ಮೋಷನ್ ಎಲ್ಲ ನಮ್ಮ ದಕ್ಷಿಣದ ಕಡೆಯದ್ದೇ, ಹೊಸದೇನಿಲ್ಲ. ಆದರೆ ಹೀರೊ ಯಾಕೆ ಹೊಡೆಯುತ್ತಿದ್ದಾನೆ ಅಂತ ಕೇಳಿದರೆ ಉತ್ತರ ಬಂಗಾಳದ ಗಣಿಯೊಳಗೇ ಇದೆ. ‘ಚಾಲೆಂಜ್’ ಬಂದದ್ದು 2009ರಲ್ಲಿ. ಇಲ್ಲಿಗೆ ಬರಲು ಇಷ್ಟು ವರ್ಷ ಬೇಕಿತ್ತಾ? ಪ್ರತಿ ಸಲ ರೆಡಿಮೇಡ್ ಕಥೆ ಸಿಗುತ್ತಿದ್ದರೆ ಮಾಸ್ ಬರೆಯುವವರನ್ನು ಬೆಳೆಸುವ ಗೋಜಿಗೆ ಯಾರು ಹೋಗುತ್ತಾರೆ?

ಪ್ರಸೇನ್‌ಜಿತ್ ಅವರ ಈ ಎರಡು ಪೊಲೀಸ್ ಸಿನಿಮಾಗಳಲ್ಲಿ ಒಂದೇ ನೋಡುತ್ತೇನೆ ಅನ್ನುವವರು ‘ಬಾಯಿಶೆ ಶ್ರಾಬಣ್’ ನೋಡಿ. ನೋಡಿದವರು ಕ್ಲೈಮ್ಯಾಕ್ಸ್ ಬಗ್ಗೆ ಮಾತ್ರ ಯಾರಿಗೂ ಬಾಯಿ ಬಿಡಬೇಡಿ, ಪ್ಲೀಸ್.