ಮಾತ್ರೆಗಿಂತ ಮೊದಲು ಬರುವ ನೋವು

ಕೇಳುಗರಿಗೆ ನಮಸ್ಕಾರ.

ಸಂಜೆ ಜಯನಗರದ ಯಾವುದೇ ಔಷಧ ಅಂಗಡಿಯ ಮುಂದೆ ನಿಲ್ಲಿ. "ಕೊಲೆಸ್ಟರಾಲ್ ಮಾತ್ರೆ ಬೇಡಪ್ಪ, ಅದರಿಂದ ಕಾಲು ಸೆಳೆಯುತ್ತದೆ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ನೆರೆಮನೆಯವರು ಹೇಳಿರುತ್ತಾರೆ, ಮೊಬೈಲ್‌ನಲ್ಲಿ ಸಂದೇಶ ಬಂದಿರುತ್ತದೆ. ಮಾತ್ರೆ ಗಂಟಲಿಗೆ ಇಳಿಯುವ ಮೊದಲೇ ಮೀನಖಂಡ ಬಿಗಿದುಕೊಂಡಿರುತ್ತದೆ.

ಇದನ್ನೇ ಒರೆಗೆ ಹಚ್ಚಿದ ಅಧ್ಯಯನವೊಂದನ್ನು ಲಂಡನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ತೊಂದರೆಯಾಯಿತೆಂದು ಸ್ಟಾಟಿನ್ ಎಂಬ ಕೊಲೆಸ್ಟರಾಲ್ ಇಳಿಸುವ ಮಾತ್ರೆ ಬಿಟ್ಟಿದ್ದ 60 ಜನರಿಗೆ ವರ್ಷಕ್ಕಾಗುವಷ್ಟು 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ನಿಜವಾದ ಔಷಧ, ನಾಲ್ಕರಲ್ಲಿ ಅದರಂತೆಯೇ ಕಾಣುವ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ತಮ್ಮ ತೊಂದರೆಗೆ ಅವರು ದಿನವೂ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕಿತ್ತು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8 ಬಂತು, ಔಷಧದಲ್ಲಿ 16.3, ಹುಸಿ ಮಾತ್ರೆಯಲ್ಲಿ 15.4! ತಮ್ಮದೇ ಅಂಕಗಳನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಔಷಧ ಶುರು ಮಾಡಿದರು.

ಹಾಗಾದರೆ ಅವರ ನೋವು ಸುಳ್ಳೇ? ಖಂಡಿತ ಅಲ್ಲ. ಹಿರಿಯರು ಕಾಲುನೋವು ಎಂದಾಗ "ಎಲ್ಲ ನಿಮ್ಮ ಮನಸ್ಸಿನದು" ಎಂದು ತಳ್ಳಿಹಾಕುವುದು ನನಗೆ ಬಹಳ ಸಂಕಟ ತರುತ್ತದೆ. ನಿರೀಕ್ಷೆಗೂ ದೇಹದಲ್ಲಿ ರಾಸಾಯನಿಕ ದಾರಿಯಿದೆ. ಹಲ್ಲು ಕೀಳಿಸಿಕೊಂಡವರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು 1978ರಲ್ಲಿ ಇದನ್ನು ತೋರಿಸಿತು. ಹುಸಿ ಔಷಧದಿಂದಲೇ ನೋವು ತಗ್ಗಿದ್ದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಹೆಚ್ಚಿತು. ನಲಾಕ್ಸೋನ್ ತಡೆಯುವುದು ಅಫೀಮಿನಂಥ ನೋವುನಿವಾರಕಗಳನ್ನು. ಅಂದರೆ, ನಂಬಿಕೆಯೊಂದರಿಂದಲೇ ಮಿದುಳು ಅಂಥ ವಸ್ತುವನ್ನು ತಾನೇ ಸ್ರವಿಸಿತ್ತು.

ಭಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ. 2010ರ ಇನ್ನೊಂದು ಅಧ್ಯಯನದಲ್ಲಿ ಹೆರಿಗೆಗೆ ಬಂದ ಮಹಿಳೆಯರ ಬೆನ್ನಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವಾಗ ಕೆಲವರಿಗೆ "ದೊಡ್ಡ ಜೇನು ಕಚ್ಚಿದಂತಾಗುತ್ತದೆ" ಎಂದರು, ಉಳಿದವರಿಗೆ "ಜಾಗ ಮರಗಟ್ಟುತ್ತದೆ, ನಿಮಗೆ ಹಿತವಾಗಿರುತ್ತದೆ" ಎಂದರು. ಸೂಜಿ ಅದೇ, ಮದ್ದೂ ಅದೇ. ಜೇನಿನ ಮಾತು ಕೇಳಿದವರಿಗೆ ಹೆಚ್ಚು ನೋವಾಯಿತು. ನಮ್ಮ ಆಸ್ಪತ್ರೆಗಳಲ್ಲಿ ರಕ್ತ ತೆಗೆಯುವ ಸೋದರಿಯರು "ಕೈ ಸಡಿಲ ಬಿಡಿ ಅಮ್ಮ, ಈಗಲೇ ಮುಗಿಯುತ್ತದೆ" ಎನ್ನುತ್ತಾರಲ್ಲ, ಅದೂ ಚಿಕಿತ್ಸೆಯ ಭಾಗವೇ.

ಒಂದು ಎಚ್ಚರ. ಸ್ಟಾಟಿನ್‌ನಿಂದ ನಿಜವಾಗಿಯೂ ಸ್ನಾಯುಗಳಿಗೆ ಹಾನಿಯಾಗುವುದುಂಟು, ಅಪರೂಪವಾಗಿ. ತೀವ್ರ ನೋವು, ನಿಶ್ಶಕ್ತಿ, ಕಂದು ಬಣ್ಣದ ಮೂತ್ರ ಕಂಡರೆ ಅಂದೇ ವೈದ್ಯರನ್ನು ಕಾಣಿ. ಉಳಿದ ನೋವುಗಳನ್ನೂ ಅವರಿಗೆ ಹೇಳಿ. ಅವರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ನಮಸ್ಕಾರ.