ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ನ್ಯೂಟ್ರಿನೊ

ಕೇಳುಗರಿಗೆ ನಮಸ್ಕಾರ.

ಅಂಗೈ ಬಿಚ್ಚಿ ಆಕಾಶಕ್ಕೆ ಹಿಡಿಯಿರಿ. ನಿಮಿಷಕ್ಕೆ ನೂರರಷ್ಟು ಮ್ಯೂಯಾನ್ ಕಣಗಳು ಅದನ್ನು ತೂರಿ ಹೋಗುತ್ತವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಕಣಗಳಿವು. ಜೊತೆಗೇ ನ್ಯೂಟ್ರಿನೊ ಎಂಬ, ಯಾವುದಕ್ಕೂ ಸುಲಭಕ್ಕೆ ತಾಗದ ಕಣ ಕೂಡ ಹುಟ್ಟುತ್ತದೆ. ಅದಕ್ಕೆ ಇಡೀ ಭೂಮಿಯೂ ಅಡ್ಡಿಯಲ್ಲ. ಅದನ್ನು ಹಿಡಿಯಬೇಕಾದರೆ ಮೊದಲು ಮ್ಯೂಯಾನ್‌ಗಳ ಗದ್ದಲ ಅಡಗಬೇಕು. ಅದಕ್ಕೆ ಬಂಡೆ ಬೇಕು. ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಗಳ, ಬಂಡೆ ನೀರಿಗಿಂತ ಮೂರು ಪಟ್ಟು ಭಾರ, ಗ್ರಾನೈಟಿಗಿಂತಲೂ ಹೆಚ್ಚು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ 1951ರಲ್ಲೇ ಈ ಗಣಿಗಳಿಗಿಳಿದು ಮ್ಯೂಯಾನ್ ಎಣಿಸಲು ತೊಡಗಿದ್ದರು. ಮುಂದೆ 2,700 ಮೀಟರ್‌ಗೂ ಕೆಳಗೆ ಉಪಕರಣ ಇಟ್ಟಾಗ, ಸುಮಾರು ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ಗದ್ದಲ ಅಡಗಿತ್ತು; ಆ ಸೊನ್ನೆಯೇ ನ್ಯೂಟ್ರಿನೊ ಹುಡುಕುವ ಮುಂದಿನ ದಾರಿ ತೋರಿಸಿತು.

ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳೂ ಕೂಡಿಕೊಂಡು ಇಲ್ಲಿನ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್‌ನಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಯಂತ್ರ ಕಟ್ಟಿದವು. ಕಣ ತೂರಿದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳನ್ನು ಚಾಪೆಯಂತೆ ಹಾಸದೆ, ಎದುರುಬದುರು ಗೋಡೆಗಳಾಗಿ ನಿಲ್ಲಿಸಿದರು. ಕಾರಣ ಇದು: ನೆತ್ತಿಯಿಂದ 60 ಡಿಗ್ರಿ ಓರೆಯಾಗಿ ಬರುವ ಮ್ಯೂಯಾನ್ 2.3ರ ಬದಲು 4.6 ಕಿಲೋಮೀಟರ್ ಬಂಡೆ ದಾಟಬೇಕು. ದಾಟಲಾರದು. ಹಾಗಾಗಿ ಅಡ್ಡಡ್ಡ ಬಂದ ಮ್ಯೂಯಾನ್ ಎಂದರೆ, ನ್ಯೂಟ್ರಿನೊ ಪಕ್ಕದ ಬಂಡೆಗೆ ಬಡಿದು ಹುಟ್ಟಿಸಿದ್ದು.

ತೊಡಕು ಬೇರೆ ಕಡೆ ಇತ್ತು. ಕಾವು ಏರಿದಷ್ಟೂ, ಸಿಂಟಿಲೇಟರಿನ ಮಿನುಗನ್ನು ವಿದ್ಯುತ್ ಮಿಡಿತವಾಗಿಸುವ ಫೋಟೊಮಲ್ಟಿಪ್ಲೈಯರ್ ಬೆಳಕಿಲ್ಲದೆಯೂ ಸುಳ್ಳು ಮಿಡಿತ ಕೊಡುತ್ತದೆ; ಬಂಡೆಯ ವಿಕಿರಣವೂ ಸಿಂಟಿಲೇಟರನ್ನು ಕೆಣಕುತ್ತದೆ. ಅದಕ್ಕೇ ಎರಡೂ ಗೋಡೆ ಒಟ್ಟಿಗೆ ಮಿಡಿದರೆ ಮಾತ್ರ ಲೆಕ್ಕ. ಆಗ ನಡುವಿನ ನಿಯಾನ್ ನಳಿಗೆಗಳಿಗೆ ಹೈವೋಲ್ಟೇಜ್ ಹರಿದು, ಕಣ ಹೋದ ದಾರಿ ಮಿನುಗಿ, ಕ್ಯಾಮೆರಾದಲ್ಲಿ ಅಚ್ಚಾಗುತ್ತದೆ. 1965ರ ಆಗಸ್ಟ್‌ನಲ್ಲಿ ನ್ಯೂಟ್ರಿನೊ ಸಿಕ್ಕ ಫಲಿತಾಂಶ ಪ್ರಕಟವಾಯಿತು. ಅದೇ ತಿಂಗಳು ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡದ್ದೂ ಬಂತು. ಅದೂ ಚಿನ್ನದ ಗಣಿಯೇ.

1980ರಲ್ಲಿ 140 ಟನ್ ಕಬ್ಬಿಣ, ನಡುನಡುವೆ ಕಣಗಳ ಜಾಡು ಹಿಡಿಯುವ, ಅನಿಲ ತುಂಬಿದ ಪ್ರಪೋರ್ಷನಲ್ ಕೌಂಟರ್‌ಗಳ 34 ಪದರ ಪೇರಿಸಿ, ಪ್ರೋಟಾನ್ ಒಡೆಯುವುದೇ ಎಂದು ಕಾದರು. ಸಂಶಯದ ಕೆಲವು ಘಟನೆ ಕಂಡವು. ಬೇರೆಡೆಯ ದೊಡ್ಡ ಯಂತ್ರಗಳು ಅವನ್ನು ಸಮರ್ಥಿಸಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಯೇ ಮುಚ್ಚಿತು. ಪಂಪು ನಿಂತ ಗಣಿಯಲ್ಲಿ ನೀರು ಏರದೆ ಇರುತ್ತದೆಯೇ?

ಈಗ ನ್ಯೂಟ್ರಿನೊಗಾಗಿ ಆಕಾಶವನ್ನೇ ಕಾಯಬೇಕಿಲ್ಲ. ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನಲ್ಲಿ ವೇಗವರ್ಧಕದ ಪ್ರೋಟಾನ್‌ಗಳನ್ನು ಗುರಿಗೆ ಬಡಿದು ನ್ಯೂಟ್ರಿನೊ ತಯಾರಿಸಿ, 1,300 ಕಿಲೋಮೀಟರ್ ನೆಲದೊಳಗಿಂದಲೇ ಕಳಿಸುವ ಸಿದ್ಧತೆ ನಡೆದಿದೆ. ಅದನ್ನು ಹಿಡಿಯುವ ದ್ರವ ಆರ್ಗಾನ್ ತೊಟ್ಟಿಗಳು ಕೂರುವುದು ಸೌತ್ ಡಕೋಟಾದಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ. ಅದು ಮುಚ್ಚಿಹೋದ ಹೋಮ್‌ಸ್ಟೇಕ್ ಚಿನ್ನದ ಗಣಿ.