ಮೆಜೆಸ್ಟಿಕ್ ಸ್ಟೇಷನ್‌ಗೆ ಮುಳುಗೋ ಭಯ ಅಲ್ಲ ಸ್ವಾಮಿ, ತೇಲೋ ಭಯ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರ ಕಾಮೆಂಟು: "ಅಂಡರ್‌ಗ್ರೌಂಡ್ ಸ್ಟೇಷನ್‌ಗೆ ಎಂಥ ಆರ್ಕಿಟೆಕ್ಚರು? ಗುಂಡಿ ತೋಡು, ಕಾಂಕ್ರೀಟ್ ಸುರಿ, ಮುಚ್ಚು." ಓಹೋ! ಹಾಗಾದ್ರೆ ಆ ಕಾಂಕ್ರೀಟ್ ಪೆಟ್ಟಿಗೆ ಮೇಲಕ್ಕೆ ಏಳದ ಹಾಗೆ ಹಿಡ್ಕೊಂಡಿರೋದು ಯಾವುದು, ಹೇಳಿ ನೋಡೋಣ.

ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನನ್ನೇ ತಗೊಳ್ಳಿ. ಅದು ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಹೆಸರಘಟ್ಟದ ನೀರು ಬರೋಕೆ ಮುಂಚೆ ಪೇಟೆಗೆ ನೀರು ಕೊಟ್ಟ ಕೆರೆ. ಈಗ ಅಲ್ಲಿ ನೆಲದಡಿ, ಮೇಲಿನ ಹಂತದಲ್ಲಿ ಮೆಟ್ರೋದ ನೇರಳೆ ಮಾರ್ಗ, 2016ರ ಏಪ್ರಿಲ್‌ನಿಂದ. ಅದರ ಕೆಳಗೆ ಹಸಿರು, 2017ರ ಜೂನ್‌ನಿಂದ. ಎಲ್ಲರೂ ಕೇಳೋದು "ಮುಳುಗಲ್ವಾ?" ಅಂತ. ಅಯ್ಯೋ, ಮೊದಲ ಚಿಂತೆ ತೇಲೋದು! ಹಂಡೆ ನೀರಲ್ಲಿ ಖಾಲಿ ಕೊಡ ಒತ್ತಿ ನೋಡಿ.

ಒಂದು ಮಾದರಿ ಲೆಕ್ಕ ಹಾಕೋಣ. ತಳ 15 ಮೀಟರ್ ಆಳದಲ್ಲಿದೆ, ಅಂತರ್ಜಲ ನೆಲಮಟ್ಟಕ್ಕೇ ಬಂತು ಅಂದ್ಕೊಳ್ಳಿ. ಪ್ರತಿ ಚದರ ಮೀಟರಿಗೆ 15 ಟನ್ ಮೇಲ್ಮುಖ ಒತ್ತಡ. ತಳದ ಸ್ಲ್ಯಾಬು 1.5 ಮೀಟರ್, ನಡುವಿನದು 0.5, ಮೇಲಿನದು 1.2: ಸೇರಿ 3.2 ಮೀಟರ್ ಕಾಂಕ್ರೀಟು, ಘನ ಮೀಟರಿಗೆ 2.5 ಟನ್ ಲೆಕ್ಕದಲ್ಲಿ 8 ಟನ್. ಮೇಲೆ ಮೂರು ಮೀಟರ್ ನೆನೆದ ಮಣ್ಣು, 6 ಟನ್. ಒಟ್ಟು 14. ಒಂದು ಟನ್ ಖೋತಾ! ರೈಲು, ಜನ ಲೆಕ್ಕಕ್ಕಿಲ್ಲ, ರಾತ್ರಿ ಯಾರೂ ಇರಲ್ಲ. ಗೋಡೆಯ ತೂಕ, ಮಣ್ಣಿನ ಘರ್ಷಣೆ ಸೇರಿಸಿ, ಅದೂ ಸಾಲದಿದ್ರೆ ಬಂಡೆಗೆ ಆಂಕರ್, ಅಂದ್ರೆ ಹಿಡಿದಿಡೋ ಉಕ್ಕಿನ ಸರಳು, ಬಿಗೀಬೇಕು. ಸ್ಲ್ಯಾಬು ಅಷ್ಟು ದಪ್ಪ ಇರೋದಕ್ಕೆ ಇದೂ ಒಂದು ಕಾರಣ.

ಇನ್ನೂ ಅಪಾಯ ಕಟ್ಟುವಾಗಲೇ. ಮೇಲಿನ ಸ್ಲ್ಯಾಬಿಗೆ ಮಣ್ಣು ಬಿದ್ದಿರಲ್ಲ, ಪೆಟ್ಟಿಗೆ ಹಗುರ. ಆಗ "ಕಾಂಕ್ರೀಟ್ ಆಯ್ತಲ್ಲ" ಅಂತ ನೀರೆತ್ತೋ ಪಂಪ್ ನಿಲ್ಲಿಸಿದ್ರೆ ತಳ ಉಬ್ಬುತ್ತೆ, ಬಿರುಕು ಬಿಡುತ್ತೆ. ಆಮೇಲೆ ತಳ, ಗೋಡೆ ಸೇರೋ ಜಾಯಿಂಟಲ್ಲಿ ಜಿನುಗು. ರಂಧ್ರ ಕೊರೆದು ಪಿಯು ಗ್ರೌಟ್, ಅಂದ್ರೆ ಬಿರುಕು ಮುಚ್ಚೋ ಪಾಲಿಯುರೆಥೇನ್ ದ್ರವ, ತುಂಬೋದೇ ಕೆಲಸ. (ಗ್ರೌಟಿಂಗ್ ವಿಡಿಯೋ ಬೇಕಾದ್ರೆ ಗಂಟೆ ಒತ್ತಿ. ಸ್ಪಾನ್ಸರ್ ಇಲ್ಲ, ನೀವೇ ಗತಿ.)

"ಕೆರೆ ಒಣಗಿ ನೂರು ವರ್ಷ ಆಯ್ತು" ಅಂತೀರಾ? ತಗ್ಗು ಒಣಗಿದ್ಯಾ? ಮಳೆ ಬಂದ ದಿನ ಓಕಳೀಪುರಂ ಕಡೆ ಹೋಗಿ, ನೀರನ್ನೇ ವಿಚಾರಿಸಿ. "ಬೋರ್‌ವೆಲ್ಲೇ ಬತ್ತಿದೆ" ಅಂತೀರಾ? ಬೋರ್ ನೀರು ಬಂಡೆಯ ಬಿರುಕಿನದು. ಮೇಲುಪದರದ ನೀರೇ ಬೇರೆ. ನೂರು ವರ್ಷ ನಿಲ್ಲಬೇಕಾದ್ದಕ್ಕೆ ಅತಿ ಕೆಟ್ಟ ದಿನದ ಲೆಕ್ಕ ಹಾಕ್ತಾರೆ, ನಿಮ್ಮ ಮನೆ ಬೋರಿನದಲ್ಲ!

ತೂಕ ಸಾಲದಿದ್ರೆ ತೇಲುತ್ತೆ ಅಂದ್ರೆ ತೇಲುತ್ತೆ! ಇನ್ನೂ ನಂಬದವರು ಕಾಮೆಂಟಲ್ಲಿ ಬೈರಿ, ಅಲ್ಗಾರಿದಮ್‌ಗೆ ಅದೂ ಒಳ್ಳೇದೇ. ಮುಂದಿನ ವಾರ ಚಿಕ್ಕಪೇಟೆ. ಸಬ್‌ಸ್ಕ್ರೈಬ್ ಮಾಡಿರಪ್ಪಾ.